ಹೆಂಗಸರ ಪಟ್ಟಿ

ಹೊಳೆಕಟ್ಟಿ,
12 ಜುಲೈ 2023

ಪೂಜ್ಯ ಡಾಕ್ಟರರಿಗೆ,
ನಿಮ್ಮ ಮಹಾನಂದಾಳ ನಮಸ್ಕಾರಗಳು.

ಮೊನ್ನೆ ಫೋನಿನಲ್ಲಿ ನಾನು "ಕೆಲಸಕ್ಕ ಹಾಜರಾದ್ನಿರಿ" ಎಂದು ಮೂರು ಸಲ ಕೂಗಿದೆ. ನೀವು ಮೂರು ಸಲವೂ "ಯಾಕ ಬ್ಯಾಜಾರಾತು?" ಎಂದು ಕೇಳಿದಿರಿ. ನಿಮ್ಮ ಕಿವಿ ಇಷ್ಟು ಮಂದವಾಗಿದೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಕಾಗದವನ್ನೇ ಬರೆಯುತ್ತೇನೆ. ನಿಮಗೂ ಓದಲು ಏನಾದರೂ ಬೇಕಲ್ಲ.

ಮನೋಳಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಊರು ಇದು. ಆರೋಗ್ಯ ಕೇಂದ್ರವೆಂದರೆ ಎರಡು ಕೋಣೆ, ಒಂದು ಬೆಂಚು, ಒಂದು ಟ್ಯಾಬು. ನಾನೇ ಇಲ್ಲಿಯ ಅಧಿಕಾರಿ, ನಾನೇ ನರ್ಸು, ಕಸ ಹೊಡೆಯುವವಳೂ ನಾನೇ. ಬಿ.ಪಿ., ಶುಗರ್ ನೋಡುತ್ತೇನೆ, ಗುಳಿಗೆ ಕೊಡುತ್ತೇನೆ. ಕೈಮೀರಿದವರಿಗೆ ಚೀಟಿ ಬರೆದು ದೊಡ್ಡ ದವಾಖಾನೆಗೆ ಕಳಿಸುತ್ತೇನೆ. ಆರು ವರ್ಷ ರಾಮದುರ್ಗದಲ್ಲಿ ನಿಮ್ಮ ಪಕ್ಕ ನಿಂತು ಕಲಿತದ್ದೇ ಇಲ್ಲಿ ಅನ್ನ ಕೊಡುತ್ತಿದೆ.

ಈ ವರ್ಷ ಒಂದು ಹೊಸ ಕೆಲಸ ಬಂದಿದೆ. ಮೂವತ್ತು ದಾಟಿದ ಪ್ರತಿಯೊಬ್ಬರನ್ನೂ ಬೀಡಿ, ಸಿಗರೇಟು, ತಂಬಾಕು ಉಂಟೇ ಎಂದು ಕೇಳಿ ಟ್ಯಾಬಿನಲ್ಲಿ ತುಂಬಬೇಕು. ಕೇಳಿದ್ದಕ್ಕೆ ಒಂದು ಗುರುತು, ತಿಳಿಹೇಳಿದ್ದಕ್ಕೆ ಒಂದು, ಅವರು ಬಿಟ್ಟರೆ ಮತ್ತೊಂದು. ಗುರುತುಗಳು ಇಂತಿಷ್ಟು ಮುಟ್ಟಿದರೆ ಸಂಬಳದ ಮೇಲೆ ಪ್ರೋತ್ಸಾಹಧನ. ನನಗೆ ಹಣಕ್ಕಿಂತ ಹೆಚ್ಚಾಗಿ ಇದು ನಿಮ್ಮ ಕೆಲಸ ಎನ್ನಿಸಿ ಖುಷಿಯಾಯಿತು. ಯಾವ ಗಂಡಸು ಒಳಗೆ ಬಂದರೂ ನೀವು ನಾಡಿ ಹಿಡಿಯುವ ಮೊದಲೇ "ಎಷ್ಟ ಸೇದ್ತಿಯೋ?" ಎನ್ನುತ್ತಿದ್ದಿರಲ್ಲ.

ಒಂದೇ ಅಳುಕು. ಗಂಡಸರನ್ನು ಕೇಳುವುದು ಸಲೀಸು. ಹೆಂಗಸರನ್ನು ಹೇಗೆ ಕೇಳುವುದು? ಆಶಾ ಕಾರ್ಯಕರ್ತೆ ಸಾವಂತ್ರೆವ್ವ ಇದೇ ಊರಿನವಳು. ಆಕೆ "ಬಾಯಾರ, ಹೆಣ್ಮಕ್ಕಳನ್ನ ಕೇಳಿದ್ರ ಜ್ವಾಳದ ರೊಟ್ಟಿ ಅಲ್ಲ, ಬೈಗುಳ ತಿಂತೀರಿ" ಎಂದು ನಗುತ್ತಾಳೆ. ನೀವೇನು ಹೇಳುತ್ತೀರಿ?

ನಿಮ್ಮ
ಮಹಾನಂದಾ


ರಾಮದುರ್ಗ,
20 ಜುಲೈ 2023

ಮಹಾನಂದಾ,
ಶರಣಾರ್ಥಿ, ಮತ್ತು ಆಶೀರ್ವಾದ.

ನಿನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೆಯೇ ಇದೆ. ಆದರೂ ಎರಡು ಸಲ ಓದಿದೆ. ದವಾಖಾನೆ ಮುಚ್ಚಿದ ಮೇಲೆ ನನ್ನನ್ನು ಏನಾದರೂ ಕೇಳುವವರು ಕಡಿಮೆ.

ಸರಕಾರಕ್ಕೆ ಈಗ ಬುದ್ಧಿ ಬಂದಿತು. ಆದರೆ ಕೇಳುವುದಕ್ಕೂ ಗುರುತು ಹಾಕುವುದಕ್ಕೂ ಗಾವುದ ದಾರಿ ಇದೆ, ಅದನ್ನು ಮರೆಯಬೇಡ. ಕೇಳುವಾಗ ಎದುರಿಗಿದ್ದವನ ಕೈಬೆರಳು ನೋಡು, ಟ್ಯಾಬು ನೋಡಬೇಡ. ಹಳದಿ ಹತ್ತಿದ ಬೆರಳು ಸುಳ್ಳು ಹೇಳುವುದಿಲ್ಲ.

ಹೆಣ್ಣುಮಕ್ಕಳ ವಿಷಯ. ಮರ್ಯಾದಸ್ಥರ ಮನೆಯಲ್ಲಿ ಆ ಪ್ರಶ್ನೆ ಎತ್ತಿದರೆ ನಾಳೆ ಕೂಸಿಗೆ ಚುಚ್ಚುಮದ್ದು ಹಾಕಲಿಕ್ಕೂ ನಿನ್ನನ್ನು ಹೊಸ್ತಿಲ ಒಳಗೆ ಬಿಡುವುದಿಲ್ಲ. ನಲವತ್ತು ವರ್ಷದ ವೈದ್ಯಕಿಯಲ್ಲಿ ನಾನು ಒಬ್ಬ ಹೆಂಗಸನ್ನೂ ಕೇಳಿದವನಲ್ಲ. 'ಇಲ್ಲ' ಎಂದು ಬರೆದುಕೋ. ತಪ್ಪಾಗುವುದಿಲ್ಲ.

ನಿಜಗುಣಪ್ಪ


ಹೊಳೆಕಟ್ಟಿ,
3 ನವೆಂಬರ್ 2023

ಪೂಜ್ಯ ಡಾಕ್ಟರರಿಗೆ ನಮಸ್ಕಾರಗಳು.

ಬರೆಯಲು ತಡವಾಯಿತು. ತಿಂಗಳ ಕೊನೆಗೆ ಟ್ಯಾಬಿನೊಳಗೆ ಊರನ್ನೆಲ್ಲ ತುಂಬುವುದರಲ್ಲಿ ಬೇರೆ ಏನೂ ಕಾಣುವುದಿಲ್ಲ. ಹೆಂಗಸರ ಪಟ್ಟಿ ಮುಗಿಯಿತು. ಗಂಡಸರದೂ ಮುಗಿಯುತ್ತ ಬಂದಿದೆ.

ನನ್ನ ಮೊದಲ ಗೆಲುವನ್ನು ನಿಮಗೆ ಹೇಳಲೇಬೇಕು. ಇಲ್ಲಿ ಹಣಮಂತಪ್ಪ ಎಂಬವರಿದ್ದಾರೆ, ಐವತ್ತಾರು ವರ್ಷ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರು. ಆಗಸ್ಟಿನಲ್ಲಿ ಅವರ ಮೊಮ್ಮಗಳಿಗೆ ದಮ್ಮು ಎದ್ದಿತು. ಅವರನ್ನು ಕೂರಿಸಿಕೊಂಡು ಅರ್ಧ ತಾಸು ಮಾತಾಡಿದೆ. ಕೇಳಿಸಿಕೊಂಡರು, ಎದ್ದು ಹೋದರು. ಎರಡು ತಿಂಗಳಾದ ಮೇಲೆ ಬಂದು, "ಬಿಟ್ಟೇನ್ರಿ ಬಾಯಾರ. ಮೊದಲ ಎಂಟ ದಿನ ಗ್ವಾಡಿಗೆ ತಲಿ ಜಜ್ಜಕೋಬೇಕು ಅನಿಸ್ತಿತ್ತು. ಈಗ ಕೂಸು ತೊಡಿ ಮ್ಯಾಲ ಕುಂದರತೈತಿ" ಎಂದರು. ಆ ದಿನ ಗುರುತು ಹಾಕುವಾಗ ನನ್ನ ಕೈ ಹಗುರಾಗಿತ್ತು.

ಅವರ ಹೆಂಡತಿ ಬಾಯವ್ವ ಈ ಸೀಮೆಗೇ ಹೆಸರುವಾಸಿ. ಬೆಲ್ಲದ ಗಾಣದಲ್ಲಿ ಪಾಕ ನೋಡುವವಳು. ಆ ಕೆಲಸ ಗಂಡಸರದೇ ಅಂತೆ. ಆದರೆ ಇವಳ ಕಣ್ಣು, ಬೆರಳು ಎಂದೂ ತಪ್ಪಿಲ್ಲ. ಕುದಿಯುವ ಕೊಪ್ಪರಿಗೆಯಿಂದ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಿ, "ಇಳಸ್ರೀ" ಎಂದು ಒಂದು ಕೂಗು ಹಾಕಿದರೆ ಹೊಲದಾಚೆಯ ಎತ್ತುಗಳೂ ತಲೆ ಎತ್ತುತ್ತವೆ. ಈ ಹಂಗಾಮಿನಲ್ಲಿ ಪಾಪ, ದನಿ ಕಟ್ಟಿದೆ. ಉಪ್ಪುನೀರು ಮುಕ್ಕಳಿಸಲು ಹೇಳಿದ್ದೇನೆ.

ಇನ್ನೊಂದು ಮಾತು, ಇದು ನನ್ನನ್ನು ಕೊರೆಯುತ್ತಿದೆ. ಬಸ್ ನಿಲ್ದಾಣದ ಅಂಗಡಿಯ ಬಾಳು ನಿನ್ನೆ ಮಾತಿಗೆ ಮಾತು ಬಂದು ಹೇಳಿದ: ಹಣಮಂತಪ್ಪನವರ ಮನೆಗೆ ಈಗಲೂ ದಿನಕ್ಕೆ ಒಂದು ಕಟ್ಟು ಬೀಡಿ ಹೋಗುತ್ತದಂತೆ. ಕೊಳ್ಳುವವರೂ ಅವರೇ ಅಂತೆ. ನಿಮಗೆ ಏನನಿಸುತ್ತದೆ?

ನಿಮ್ಮ
ಮಹಾನಂದಾ


ರಾಮದುರ್ಗ,
14 ನವೆಂಬರ್ 2023

ಮಹಾನಂದಾ,

ಇದರಲ್ಲಿ ಅನಿಸುವುದೇನಿದೆ? ಅವನು ಸೇದುತ್ತಿದ್ದಾನೆ. ಬಿಟ್ಟೆ ಎಂದು ಆಣೆ ಮಾಡಿ ಹೊರಗೆ ಹೋಗಿ ಕಡ್ಡಿ ಗೀರಿದ ನೂರು ಜನರನ್ನು ನಾನು ಕಂಡಿದ್ದೇನೆ. ಎರಡು ಕಟ್ಟು ಒಂದಾಗಿದೆಯಲ್ಲ, ಅಷ್ಟಕ್ಕೆ ಸಂತೋಷಪಡು. ಆದರೆ ಮುಖ ನೋಡಿ ಕೇಳು. ಸುಳ್ಳನ್ನು ಒಪ್ಪಿಕೊಂಡರೆ ಎರಡನೇ ಸುಳ್ಳಿಗೆ ಚಾಪೆ ಹಾಸಿದಂತೆ.

ಆ ಹೆಣ್ಣುಮಗಳ ಗಂಟಲಿಗೆ ಒಲೆಯ ಹೊಗೆಯೂ ಕೂಗಾಟವೂ ಕಾರಣ. ಹಂಗಾಮು ಮುಗಿದರೆ ಸರಿಹೋಗುತ್ತದೆ.

ಇಲ್ಲಿ ಚಳಿ ಬೇಗ ಬಂದಿದೆ. ಮುಂಜಾನೆ ಹೊರಗೆ ಕೂತರೆ ಬೀದಿಯಲ್ಲಿ ಹೋಗುವವರ ಬಾಯಿ ಆಡುವುದು ಕಾಣುತ್ತದೆ, ಏನೂ ಕೇಳುವುದಿಲ್ಲ. ಒಂದು ಲೆಕ್ಕಕ್ಕೆ ನೆಮ್ಮದಿಯೇ.

ನಿಜಗುಣಪ್ಪ


ಹೊಳೆಕಟ್ಟಿ,
22 ಜನವರಿ 2024

ಪೂಜ್ಯ ಡಾಕ್ಟರರಿಗೆ ನಮಸ್ಕಾರಗಳು.

ನೀವು ಹೇಳಿದ ಹಾಗೆ ಮುಖ ನೋಡಿ ಕೇಳಿದೆ. ಕೇಳಬಾರದಿತ್ತೇನೋ.

ಹಣಮಂತಪ್ಪ ಗಾಣದ ಹೊರಗೆ ಕಬ್ಬಿನ ಗಾಡಿ ಇಳಿಸುತ್ತಿದ್ದರು. "ಬಾಳೂನ ಅಂಗಡಿಂದ ದಿನಾ ಬೀಡಿ ಯಾರಿಗೆ ಹೋಗತಾವ್ರಿ?" ಎಂದೆ. ಅವರು ಕೈಯಲ್ಲಿದ್ದ ಹೊರೆ ಕೆಳಗಿಟ್ಟರು. ನನ್ನ ಹತ್ತಿರ ಬಂದು, "ಊದಿ ತೋರಸ್ಲೇನ್ರಿ? ಮೂಸಿ ನೋಡ್ರಿ" ಎಂದು ಬಾಯಿ ತೆರೆದರು. ನನಗೆ ನಾಚಿಕೆಯಾಗಿ ಹಿಂದೆ ಸರಿದೆ. "ಹಂಗಾರ ಆ ಬೀಡಿ?" ಎಂದೆ. ಒಮ್ಮೆ ಗಾಣದ ಕಡೆ ತಿರುಗಿ ನೋಡಿದರು. ಆಮೇಲೆ, "ನಿಮಗೇನ ಬರಕೋಬೇಕನಸತೈತಿ ಬರಕೋರಿ ಬಾಯಾರ. ನನ್ನ ಹೆಸರು ಕೆಟ್ಟರ ಕೆಡ್ಲಿ. ಆದ್ರ ನಮ್ಮ ಮನಿಯೊಳಗ ಬಂದು ಈ ಮಾತ ತಗೀಬ್ಯಾಡ್ರಿ" ಎಂದು ಹೊರೆ ಎತ್ತಿಕೊಂಡು ಹೋದರು. ಅಂದಿನಿಂದ ಎದುರಿಗೆ ಸಿಕ್ಕರೂ ಮಾತಿಲ್ಲ.

ಅವರ ಬಾಯಿಂದ ಬೀಡಿಯ ವಾಸನೆ ಬಂದಿರಲಿಲ್ಲ. ಎಲೆ ಹಾಕಿಕೊಂಡು ಮುಚ್ಚಿರಬಹುದು ಅಲ್ಲವೇ?

ಬಾಯವ್ವನ ದನಿ ಇನ್ನೂ ಹಾಗೆಯೇ ಇದೆ. ಮೂರು ತಿಂಗಳಾಯಿತು. ಈಗ ಪಾಕ ಆದಾಗ ಕೂಗಲಾರದೆ ಸಟ್ಟುಗದಿಂದ ಕೊಪ್ಪರಿಗೆಯ ಅಂಚಿಗೆ ಬಡಿಯುತ್ತಾಳೆ. ಚೀಟಿ ಕೊಟ್ಟು ಪೇಟೆಯ ಡಾಕ್ಟರರ ಹತ್ತಿರ ಕಳಿಸಿದ್ದೆ. ಚೀಟಿಯ ಮೇಲೆ ಟ್ಯಾಬಿನಿಂದ ಎಲ್ಲವೂ ಅಚ್ಚಾಗಿ ಬರುತ್ತದೆ: ವಯಸ್ಸು ಐವತ್ತೊಂದು, ಬಿ.ಪಿ. ಇಲ್ಲ, ಶುಗರ್ ಇಲ್ಲ, ತಂಬಾಕು ಇಲ್ಲ. ಅವರು ಅದನ್ನು ನೋಡಿ, ಹೊಗೆಯ ಅಲರ್ಜಿ ಎಂದು ಹದಿನೈದು ದಿನದ ಗುಳಿಗೆ ಬರೆದಿದ್ದಾರೆ.

ಕಳೆದ ವಾರದ ಮೀಟಿಂಗಿನಲ್ಲಿ ನನ್ನ ಕೇಂದ್ರದ ಹೆಸರು ಮೊದಲು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ಬಸ್ಸಿನಲ್ಲಿ ಅದನ್ನು ಚೀಲದೊಳಗೆ ಇಟ್ಟುಕೊಂಡೇ ಬಂದೆ. ಯಾಕೋ ಹೊದೆಯಲು ಮನಸ್ಸಾಗಲಿಲ್ಲ.

ನಿಮ್ಮ
ಮಹಾನಂದಾ


ರಾಮದುರ್ಗ,
2 ಫೆಬ್ರವರಿ 2024

ಮಹಾನಂದಾ,

ಶಾಲು ಬಂದರೆ ಹೊದೆಯಬೇಕು. ನನಗೆ ಒಂದೂ ಬರಲಿಲ್ಲ.

ಗಂಟಲು ಮೂರು ವಾರ ಮೀರಿ ಕಟ್ಟಿದ್ದರೆ ಒಳಗೆ ಕೊಳವೆ ಹಾಕಿ ನೋಡಿಸಬೇಕು ಎಂಬುದು ನಿಯಮ. ಬೀಡಿ ಸೇದುವವರಾದರೆ ನಾನು ಒಂದು ದಿನವೂ ಕಾಯುತ್ತಿರಲಿಲ್ಲ. ಇವಳಿಗೆ ಆ ಚಟವಿಲ್ಲ ಎಂದು ನೀನೇ ಬರೆದಿದ್ದೀಯ. ಹಾಗಿದ್ದರೆ ಅವಸರವಿಲ್ಲ. ಗಾಣ ನಿಲ್ಲಲಿ, ಆಮೇಲೆ ನೋಡೋಣ.

ನನಗೆ ಎರಡು ವಾರದಿಂದ ಸೊಂಟ ನೋವು. ಉದ್ದ ಬರೆಯಲಾರೆ.

ನಿಜಗುಣಪ್ಪ


ಹೊಳೆಕಟ್ಟಿ,
28 ಮಾರ್ಚ್ 2024

ಡಾಕ್ಟರರಿಗೆ,

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಈ ಸಲ ಹರಿಯುವುದಿಲ್ಲ.

ಹನ್ನೊಂದು ದಿನಗಳ ಹಿಂದೆ, ಭಾನುವಾರ ಮಧ್ಯಾಹ್ನ, ಗಾಣದ ಕಡೆ ಹೋಗಿದ್ದೆ. ಒಬ್ಬ ಬಾಣಂತಿ ಅಲ್ಲಿಯೇ ಗುಡಿಸಲಿನಲ್ಲಿ ಇದ್ದಳು. ಮರಳುವಾಗ ಹಿಂಡಿದ ಕಬ್ಬಿನ ಸಿಪ್ಪೆಯ ರಾಶಿ ಸುತ್ತಿ ಬಂದೆ. ರಾಶಿಯ ನೆರಳಿನಲ್ಲಿ ನಾಲ್ಕು ಹೆಂಗಸರು ಕುಕ್ಕರುಗಾಲಲ್ಲಿ ಕೂತಿದ್ದರು. ನಾಲ್ವರ ಕೈಯಲ್ಲೂ ಬೀಡಿ. ಮೂವರು ನನ್ನನ್ನು ಕಂಡು ಸೆರಗಿನಲ್ಲಿ ಮುಚ್ಚಿಕೊಂಡರು. ಬಾಯವ್ವ ಮುಚ್ಚಿಕೊಳ್ಳಲಿಲ್ಲ. ಗಾಳಿಯಂಥ ದನಿಯಲ್ಲಿ "ಬರ್ರಿ ಬಾಯಾರ, ಕುಂದರ್ರಿ" ಎಂದಳು.

ನಾನು ಕೂತೆ.

"ಎಷ್ಟ ವರ್ಷಾತವ್ವಾ?"

"ಮೊದಲನೇದು ಹಡದಾಗಿಂದ. ಹಲ್ಲ ನೋವಿತ್ತು, ನಮ್ಮತ್ತಿ ಕಲಿಸಿದ್ಲು. ಆಮ್ಯಾಲ ಒಲಿ ಮುಂದ ನಿದ್ದಿ ಬರಬಾರದಂತ. ಆಮ್ಯಾಲ ಹಂಗ ನಡೀತು."

"ಬಾಳೂನ ಅಂಗಡಿಂದ..."

"ನಾ ಹೆಂಗ ತರಾಕ ಹೋಗ್ಲಿ? ನಮ್ಮವ್ರ ತಂದ ಕೊಡ್ತಾರ. ತಾವು ಬಿಟ್ರು. ನನ್ನ ಬಿಡು ಅನ್ನಾಕ ಅವರಿಗೆ ಬಾಯಿಲ್ಲ, ಮೂವತ್ತ ವರ್ಷ ಎದರಾಬದರ ಕುಂತ ಸೇದೀವಿ."

"ನನಗ್ಯಾಕ ಹೇಳಲಿಲ್ಲ?"

ಅವಳು ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಗೊತ್ತಿಲ್ಲದ್ದನ್ನು ಕೇಳುವ ಹಾಗೆ ಕೇಳಿದಳು: "ನೀವ ಕೇಳಿದ್ರೇನ್ರಿ?"

ಕೇಳಿರಲಿಲ್ಲ ಡಾಕ್ಟರ್. 'ಹೆಂಗಸರ ಪಟ್ಟಿ ಮುಗಿಯಿತು' ಎಂದು ನಿಮಗೆ ಬರೆದಿದ್ದೆನಲ್ಲ, ಅದು ಹೇಗೆ ಮುಗಿಯಿತು ಎಂದು ಬರೆಯಲಿಲ್ಲ. ಅಕ್ಟೋಬರಿನ ಒಂದು ಮಧ್ಯಾಹ್ನ ನಾನೂ ಸಾವಂತ್ರೆವ್ವನೂ ಕೇಂದ್ರದಲ್ಲಿ ಚಹಾ ಕುಡಿಯುತ್ತ ಕೂತೆವು. ಆಕೆ ಹೆಸರು ಓದಿದಳು, ನಾನು 'ಇಲ್ಲ' ಒತ್ತಿದೆ. ಇನ್ನೂರ ಹದಿನಾಲ್ಕು ಹೆಂಗಸರು. ಚಹಾ ಆರುವ ಮೊದಲೇ ಮುಗಿದಿತ್ತು. ತಿಳಿಹೇಳಿದ್ದು, ಬಿಡಿಸಿದ್ದು ಯಾವುದೂ ಬೇಡ. 'ಇಲ್ಲ' ಎಂದರೆ ಕೆಲಸ ಪೂರ್ತಿ. ಬಾಯವ್ವನ ಹೆಸರು ಬಂದಾಗ ಸಾವಂತ್ರೆವ್ವ ಅರೆಗಳಿಗೆ ನಿಂತಳು. ನಾನು "ಮುಂದ" ಎಂದೆ. ಅದನ್ನು ನಾನು ಮರೆತಿರಲಿಲ್ಲ. ನೆನಪಿಸಿಕೊಂಡಿರಲಿಲ್ಲ, ಅಷ್ಟೆ.

ಇನ್ನೂ ಒಂದಿದೆ. ಹಣಮಂತಪ್ಪ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ನಂಬಿದ್ದೆ. ಆದರೂ ಅವರ ಹೆಸರಿನ ಮುಂದೆ 'ಬಿಟ್ಟಿದ್ದಾರೆ' ಎಂಬ ಗುರುತನ್ನು ತೆಗೆಯಲಿಲ್ಲ. ತೆಗೆದರೆ ಒಂದು ಕಡಿಮೆಯಾಗುತ್ತಿತ್ತು. ನಿಜ ಹೇಳಿದವರನ್ನು ಸುಳ್ಳುಗಾರ ಎಂದುಕೊಂಡೆ, ಸುಳ್ಳು ಎಂದುಕೊಂಡದ್ದನ್ನು ನಿಜವೆಂದು ಬರೆದೆ. ಅದು ನಿಜವೇ ಆಗಿತ್ತು ಎಂಬುದು ನನ್ನ ಪುಣ್ಯವಲ್ಲ.

ಮರುದಿನವೇ ಧಾರವಾಡಕ್ಕೆ ಕರೆದುಕೊಂಡು ಹೋದೆ. ಈ ಸಲ ಚೀಟಿಯನ್ನು ಕೈಯಿಂದಲೇ ಬರೆದೆ: ಬೀಡಿ, ಮೂವತ್ತು ವರ್ಷ. ಡಾಕ್ಟರು ಅದನ್ನು ಓದಿದವರೇ ಸರದಿ ಬಿಡಿಸಿ ಒಳಗೆ ಕರೆದರು. ಕೊಳವೆ ಹಾಕಿ ನೋಡಿದರು. ದನಿಪೆಟ್ಟಿಗೆಯ ಮೇಲೆ ಗಡ್ಡೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. "ನವೆಂಬರಿನಾಗ ಬಂದಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು.

ನೀವು ಬರೆದಿದ್ದಿರಿ, 'ಇಲ್ಲ' ಎಂದು ಬರೆದುಕೋ, ತಪ್ಪಾಗುವುದಿಲ್ಲ ಎಂದು. ಆ ಕಾಗದವನ್ನು ನಿನ್ನೆ ತೆಗೆದು ಓದಿದೆ. ಆದರೆ ಒತ್ತಿದ ಬೆರಳು ನನ್ನದು.

ಮಹಾನಂದಾ


ಹೊಳೆಕಟ್ಟಿ,
19 ಏಪ್ರಿಲ್ 2024

ಡಾಕ್ಟರರಿಗೆ,

ಮೂರು ವಾರವಾಯಿತು, ನಿಮ್ಮ ಉತ್ತರವಿಲ್ಲ. ಸಿಟ್ಟಾಗಿದ್ದೀರಿ ಎಂದು ತಿಳಿದಿದ್ದೇನೆ. ಕೊನೆಯ ಸಾಲುಗಳನ್ನು ಬರೆಯಬಾರದಿತ್ತು.

ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದೇ ಬಂದಿದೆ. ಗಡ್ಡೆ ಮೊದಲಿನ ಜಾಗ ಬಿಟ್ಟು ಹಬ್ಬಿದೆ. ಬೇಗ ಸಿಕ್ಕಿದ್ದರೆ ಬರೀ ಕಿರಣದ ಚಿಕಿತ್ಸೆಯಲ್ಲಿ ದನಿ ಉಳಿಯುತ್ತಿತ್ತಂತೆ. ಈಗ ದನಿಪೆಟ್ಟಿಗೆಯನ್ನೇ ತೆಗೆಯಬೇಕು. ಆಮೇಲೆ ಕುತ್ತಿಗೆಯ ರಂಧ್ರದಿಂದ ಉಸಿರು. ಜೀವ ಉಳಿಯುವ ಆಸೆ ಇದೆ ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಮೇ ತಿಂಗಳಲ್ಲಿ ಆಪರೇಶನ್ನು, ಸರಕಾರದ ಕಾರ್ಡಿನ ಮೇಲೆ.

ಬಾಯವ್ವನಿಗೆ ನಾನು ಇನ್ನೂ ಹೇಳಿಲ್ಲ. ಚೀಟಿಯಲ್ಲಿ 'ಇಲ್ಲ' ಎಂದಿತ್ತು, ಅದಕ್ಕೇ ಪೇಟೆಯ ಡಾಕ್ಟರರು ಗುಳಿಗೆ ಕೊಟ್ಟು ಕಳಿಸಿದರು ಎಂಬುದು ಅವಳಿಗೆ ಗೊತ್ತಿಲ್ಲ. ಊರಲ್ಲೆಲ್ಲ ನನ್ನನ್ನು ಹೊಗಳುತ್ತಿದ್ದಾಳೆ, ಬಾಯಾರ ಕೈ ಹಿಡಿದು ಧಾರವಾಡಕ್ಕೆ ಕರೆದೊಯ್ದರು ಎಂದು. ನಿನ್ನೆ ಹಣಮಂತಪ್ಪ ಒಂದು ಪೆಂಟೆ ಬೆಲ್ಲ ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಅದನ್ನು ಮುಟ್ಟಲಾರದೆ, ಹೊರಗೂ ಹಾಕಲಾರದೆ, ಕೋಣೆಯಿಂದ ಕೋಣೆಗೆ ಒಯ್ದು ಇಡುತ್ತಿದ್ದೇನೆ. ಇರುವೆ ಹತ್ತುತ್ತಿವೆ.

ನೌಕರಿ ಬಿಟ್ಟುಬಿಡಲೇ? ಇದೊಂದಕ್ಕೆ ಉತ್ತರ ಬರೆಯಿರಿ. ಮಿಕ್ಕಿದ್ದಕ್ಕೆ ಬೇಡ.

ಮಹಾನಂದಾ


ರಾಮದುರ್ಗ,
5 ಮೇ 2024

ಮಹಾನಂದಾ,

ಸಿಟ್ಟಲ್ಲ. ನಾಚಿಕೆ. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನಾಚಿಕೆಯನ್ನು ಕಾಗದದ ಮೇಲೆ ಇಳಿಸಲು ಒಂದು ತಿಂಗಳು ಬೇಕಾಯಿತು.

ನನ್ನ ಅನ್ನಪೂರ್ಣಾಳ ಫೋಟೋವನ್ನು ನೀನು ಆರು ವರ್ಷ ದಿನಾ ಒರೆಸಿದ್ದೀಯ. ಹೊಟ್ಟೆಯ ಬೇನೆಯಿಂದ ತೀರಿಕೊಂಡಳು ಎಂದು ನಿನಗೆ ಹೇಳಿದ್ದೆ. ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ಅದು ಬಾಯಿಯ ಕ್ಯಾನ್ಸರ್. ಮದುವೆಯಾಗಿ ಬಂದಾಗಿನಿಂದ ಅವಳು ಮುಂಜಾನೆ ಸುಟ್ಟ ತಂಬಾಕಿನ ಪುಡಿಯಿಂದ, ಅದೇ ಮಿಶ್ರಿಯಿಂದ, ಹಲ್ಲು ತಿಕ್ಕುತ್ತಿದ್ದಳು. ನಾನು ಎದ್ದು ಬರುವ ಮೊದಲು ಬಾಯಿ ತೊಳೆದಿರುತ್ತಿದ್ದಳು. ನನಗೆ ಗೊತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಗೊತ್ತಿತ್ತು. ಅಡಿಗೆಮನೆಯ ಮಾಡದಲ್ಲಿ ಡಬ್ಬಿ ಇತ್ತು, ನಾನು ಕಂಡಿದ್ದೆ. ಡಾಕ್ಟರನ ಹೆಂಡತಿ ಮಿಶ್ರಿ ಹಚ್ಚುತ್ತಾಳೆ ಎಂಬುದನ್ನು ಬಾಯಿಬಿಟ್ಟು ಕೇಳಿದರೆ ಅದು ನಿಜವಾಗಿಬಿಡುತ್ತದೆ, ಅಲ್ಲವೇ?

ಒಂದು ದಿನ ಊಟಕ್ಕೆ ಬಡಿಸುತ್ತ, "ಖಾರ ಹತ್ತಿದ್ರ ಒಳಗ ಉರೀತೈತ್ರಿ" ಎಂದಳು. ಬಿ ಕಾಂಪ್ಲೆಕ್ಸ್ ತೆಗೆದುಕೋ ಎಂದು ಮೇಲೇಳದೆಯೇ ಹೇಳಿದೆ. ಬೆಳಕಿಗೆ ಕರೆದು ಬಾಯಿ ತೆರೆ ಎನ್ನಲಿಲ್ಲ. ಅಂದು ದವಾಖಾನೆಯಲ್ಲಿ ಎಷ್ಟು ಜನರ ಬಾಯಿ ನೋಡಿದ್ದೆನೋ. ಐದು ತಿಂಗಳ ಮೇಲೆ ಅವಳೇ ಬಂದು ರೋಗಿಗಳ ಸಾಲಿನಲ್ಲಿ ಕೂತಳು. ಮನೆಯಲ್ಲಿ ಕೇಳದವನು ಅಲ್ಲಿಯಾದರೂ ಕೇಳಿಯಾನು ಎಂದು. ಅವಳ ಸರದಿ ಬಂದಾಗ ಕೆನ್ನೆ ಒಳಗಿನಿಂದ ತೂತಾಗಿತ್ತು.

ಇಷ್ಟಾದ ಮೇಲೂ ನಾನು ಕಲಿಯಲಿಲ್ಲ. 'ಹೆಂಗಸರನ್ನು ಕೇಳಬೇಡ' ಎಂದು ನಿನಗೆ ಬರೆದದ್ದು ಮರ್ಯಾದೆಗಾಗಿ ಅಲ್ಲ. ಕೇಳಬಹುದಿತ್ತು ಎಂದು ನೀನು ತೋರಿಸಿಕೊಟ್ಟರೆ ನಾನು ಎಲ್ಲಿ ನಿಲ್ಲಲಿ? ಫೆಬ್ರವರಿಯಲ್ಲಿ 'ಅವಸರವಿಲ್ಲ' ಎಂದದ್ದೂ ನಾನೇ. ನಿನ್ನ ಬೆರಳಿನ ಮೇಲೆ ನನ್ನ ಕೈ ಇತ್ತು. ಅದನ್ನು ನೀನೊಬ್ಬಳೇ ಹೊರಬೇಡ.

ನೌಕರಿ ಬಿಡಬೇಡ. ನೀನು ಬಿಟ್ಟರೆ ಬರುವವಳು ಮತ್ತೊಂದು ಮಧ್ಯಾಹ್ನ ಚಹಾ ಕುಡಿಯುತ್ತ ಪಟ್ಟಿ ತುಂಬುತ್ತಾಳೆ. ಆಪರೇಶನ್ನಿಗೆ ಮೊದಲು ಬಾಯವ್ವನಿಗೆ ಹೇಳು. ಅವಳು ಬೈಯಬೇಕೆಂದರೆ ಬೈಯಲು ದನಿ ಇರುವಾಗಲೇ ಹೇಳು.

ನಿಜಗುಣಪ್ಪ


ಹೊಳೆಕಟ್ಟಿ,
11 ಆಗಸ್ಟ್ 2024

ಪೂಜ್ಯ ಡಾಕ್ಟರರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎದ್ದವಳು ಚಪ್ಪಲಿ ಮೆಟ್ಟಿಕೊಂಡು ನೇರ ಬಾಯವ್ವನ ಮನೆಗೆ ಹೋದೆ. ಕೂತರೆ ಹೇಳಲಾರೆ ಎನ್ನಿಸಿ ನಿಂತುಕೊಂಡೇ ಹೇಳಿದೆ. ಪಟ್ಟಿ, ಚಹಾ, ಚೀಟಿ, ಅಲರ್ಜಿಯ ಗುಳಿಗೆ, ಎಲ್ಲ. ಹಣಮಂತಪ್ಪ ಎದ್ದು ಹೊರಗೆ ಹೋದರು. ಬಾಯವ್ವ ಗೋಧಿ ಹಸನು ಮಾಡುತ್ತಿದ್ದಳು, ಮಾಡುತ್ತಲೇ ಇದ್ದಳು. ಮೊರದಲ್ಲಿದ್ದ ಗೋಧಿ ಮುಗಿದ ಮೇಲೆ ಪಿಸುದನಿಯಲ್ಲಿ ಹೇಳಿದಳು: "ನೀವ ಕೇಳಿದ್ರೂ ನಾ ಇಲ್ಲಂತಿದ್ನೆವ್ವಾ. ಮೊದಲನೇ ಸರ್ತಿಗೆ ಯಾವಾಕಿ ಹೇಳ್ಯಾಳು? ಎರಡನೇ ಸರ್ತಿಗೂ ಹೇಳ್ತಿರಲಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡಳು. "ಮೂರನೇ ಸರ್ತಿ ಬಂದಿದ್ರ ಹೇಳ್ತಿದ್ನೇನೋ."

ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಮೇ ಇಪ್ಪತ್ತೆರಡಕ್ಕೆ ಆಪರೇಶನ್ ಆಯಿತು. ನಾನು ರಜೆ ಹಾಕಿ ಹುಬ್ಬಳ್ಳಿಯಲ್ಲಿ ನಾಲ್ಕು ದಿನ ಇದ್ದೆ. ಕುತ್ತಿಗೆಯ ಕೊಳವೆಯನ್ನು ಹೇಗೆ ತೊಳೆಯಬೇಕು ಎಂದು ನನಗೂ ಹಣಮಂತಪ್ಪನವರಿಗೂ ಕಲಿಸಿದರು. ಅವರ ದಪ್ಪ ಬೆರಳುಗಳು ನನಗಿಂತ ಬೇಗ ಕಲಿತವು. ಹೊರಗೆ ಬೆಂಚಿನ ಮೇಲೆ ಕೂತಾಗ ಅವರು ಮೊದಲ ಸಲ ಮಾತಾಡಿದರು: "ನಂದೂ ತಪ್ಪಾತ್ರಿ. ಹೆಂಡ್ತಿ ಹೆಸರು ಉಳಿಸಾಕ ಹೋಗಿ ಗಂಟಲಾ ಕಳದ್ನಿ." ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಹೋಗಿ ಚಹಾ ಕುಡಿದು ಬಂದೆವು.

ಬಾಯವ್ವ ಈಗ ಮನೆಯಲ್ಲಿದ್ದಾಳೆ. ಗಡ್ಡೆ ಪೂರ್ತಿ ಹೊರಗೆ ಬಂದಿದೆ ಎಂದಿದ್ದಾರೆ, ಕಿರಣದ ಚಿಕಿತ್ಸೆಯೂ ಮುಗಿಯಿತು. ದನಿ ಇಲ್ಲ. ಕೈಸನ್ನೆಯಲ್ಲಿ ಮನೆ ನಡೆಸುತ್ತಾಳೆ. ಸಿಟ್ಟು ಬಂದರೆ ತಟ್ಟೆ ಬಡಿಯುತ್ತಾಳೆ, ದಿನಕ್ಕೆ ಹತ್ತು ಸಲ ಬರುತ್ತದೆ. ಗಾಣದವರು ಬಂದು, ಈ ಹಂಗಾಮಿಗೂ ಪಾಕಕ್ಕೆ ನೀನೇ ಬೇಕು ಎಂದಿದ್ದಾರೆ. ಹೊಗೆಯಿಂದ ದೂರ, ಹನಿಯನ್ನು ಬಟ್ಟಲಲ್ಲಿ ಅವಳ ಹತ್ತಿರ ತರುತ್ತಾರಂತೆ. ಹೋಗಬೇಕೋ ಬೇಡವೋ ಎಂದು ಅವಳಿನ್ನೂ ಹೇಳಿಲ್ಲ.

ನಾನು ಜೂನಿನಿಂದ ಆ ಇನ್ನೂರ ಹದಿನಾಲ್ಕು ಹೆಂಗಸರ ಮನೆಗಳಿಗೂ ಮತ್ತೆ ಹೋಗುತ್ತಿದ್ದೇನೆ. ಈ ಸಲ ಟ್ಯಾಬನ್ನು ಚೀಲದಲ್ಲಿಟ್ಟು, ಗಂಡಸರು ಹೊಲಕ್ಕೆ ಹೋದ ಮೇಲೆ. ಸಾವಂತ್ರೆವ್ವ ಜೊತೆಗೆ ಬರುತ್ತಾಳೆ. ಹೋದ ಮೊದಲ ದಿನ ದಾರಿಯಲ್ಲಿ ನಿಂತು, "ಬಾಯವ್ವನ ಹೆಸರಿಗೆ ನಾ ಹೇಳಬೇಕಿತ್ತು ಬಾಯಾರ" ಎಂದು ಅತ್ತಳು. ಇಲ್ಲಿಯವರೆಗೆ ಐವತ್ತೊಂಬತ್ತು 'ಇಲ್ಲ'ಗಳು 'ಹೌದು' ಆಗಿವೆ. ಬೀಡಿ, ಮಿಶ್ರಿ, ಎಲೆಯೊಳಗಿನ ತಂಬಾಕು. ಇಬ್ಬರ ಬಾಯಲ್ಲಿ ಬಿಳಿ ಮಚ್ಚೆ ಕಂಡು ಕೂಡಲೇ ಕಳಿಸಿದೆ. ಒಂದು ಏನೂ ಅಲ್ಲ. ಇನ್ನೊಂದನ್ನು ತೆಗೆದರು, ಬೇಗ ಸಿಕ್ಕಿತು ಎಂದರು.

ಮೀಟಿಂಗಿನಲ್ಲಿ ಮೇಲಿನವರು ಕೇಳಿದರು: "ಏನ್ರಿ ಮಹಾನಂದಾ, ನಿಮ್ಮೂರಾಗ ಇದ್ದಕ್ಕಿದ್ದಂಗ ಇಷ್ಟ ಮಂದಿಗೆ ಹೆಂಗ ಚಟ ಹತ್ತಿತು?" ನಿಂತು ಎಲ್ಲವನ್ನೂ ಹೇಳಿದೆ, ಹಳೆಯ ಪಟ್ಟಿ ಸುಳ್ಳು ಎಂದು. ಪ್ರೋತ್ಸಾಹಧನ ನಿಂತಿತು, ನೋಟಿಸೂ ಬಂತು. ಶಾಲಿನ ಮಾತು ಯಾರೂ ಎತ್ತಲಿಲ್ಲ. ಮೀಟಿಂಗ್ ಮುಗಿದು ಮೆಟ್ಟಿಲಿಳಿಯುವಾಗ ಬೇರೆ ಕೇಂದ್ರದ ಇಬ್ಬರು ಹುಡುಗಿಯರು ಹಿಂದೆಯೇ ಬಂದರು. ಒಬ್ಬಳು ನನ್ನ ತೋಳು ಹಿಡಿದು, "ಅಕ್ಕಾ, ಕೇಳೂಮುಂದ ಮೊದಲ ಏನಂತ ಸುರು ಮಾಡ್ತೀರಿ?" ಎಂದಳು.

ನನಗೇ ಸರಿಯಾಗಿ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಪ್ರತಿ ಹೊಸ್ತಿಲಲ್ಲೂ ಮೊದಲ ಮಾತನ್ನು ಹೊಸದಾಗಿ ಹುಡುಕುತ್ತೇನೆ.

ನಿನ್ನೆ ಶಟ್ಟೆವ್ವನ ಮನೆಗೆ ಹೋಗಿದ್ದೆ. ಅರವತ್ತು ದಾಟಿದ ಗಟ್ಟಿ ಮುದುಕಿ. ಜೂನಿನಲ್ಲಿ "ಅಂಥಾ ಮನೆತನ ಅಲ್ರಿ ನಮ್ಮದು" ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದಳು. ಜುಲೈಯಲ್ಲಿ ಒಳಗೆ ಕರೆದು ಚುರುಮರಿ ಕೊಟ್ಟಳು, ಮಳೆಯ ಮಾತಾಡಿದಳು, ಆ ಮಾತು ಬಂದಾಗ ಎದ್ದು ಎಮ್ಮೆಗೆ ನೀರು ಇಡಲು ಹೋದಳು. ನಿನ್ನೆ ನಾನು ಏನೂ ಕೇಳದೆ ಬಿ.ಪಿ. ನೋಡಿ ತೋಳಿನ ಪಟ್ಟಿ ಬಿಚ್ಚುತ್ತಿದ್ದೆ. ಅವಳು ಸೊಸೆಯನ್ನು ಕೂಗಿ, "ಹಿತ್ತಲಕ ಹೋಗಿ ನಾಕ ಹೀರಿಕಾಯಿ ಕೊಯ್ಕೊಂಡ ಬಾ, ಬಾಯಾರಿಗೆ" ಎಂದಳು. ಸೊಸೆ ಹೋದಳು. ಶಟ್ಟೆವ್ವ ಎದ್ದು ಬಾಗಿಲು ಮುಂದೆ ಮಾಡಿದಳು. ಬಂದು ನನ್ನ ಎದುರಿಗೆ ಕೂತು, ಸೆರಗು ಸರಿಮಾಡಿಕೊಂಡು ಹೇಳಿದಳು:

"ಹೂಂ. ಈಗ ಕೇಳ್ರಿ."

ನಿಮ್ಮ
ಮಹಾನಂದಾ